ಬಾಯಾಗ ಹೇಳಬಾರದ ಲೆಕ್ಕ

ಸಿಂದಗಿ, ಹುಡುಗ್ಯಾರ ಹಾಸ್ಟೆಲ್ಲು
ಫೆಬ್ರುವರಿ ೧೧, ಬುಧವಾರ ಸಂಜೆ

ಪ್ರೀತಿಯ ಅಪ್ಪಾ,

ಹೆಂಗ ಅದಿ? ಮೊಣಕಾಲ ನೋವು ಕಡಿಮಿ ಆತೇನು? ಸಂಕ್ರಾಂತಿಗೆ ಕೊಟ್ಟ ಮುಲಾಮು ನಿನ್ನ ಕಾಲಿಗೇ ಹಚ್ಚಾಕತ್ತಿ ಏನು, ಇಲ್ಲಾ ಯಾವುದಾರ ಕುಂಟೋ ಕುರಿಗೆ ಹಚ್ಚಿ ಖಾಲಿ ಮಾಡಿದಿ? (ಮಾಡಿರ್ತಿ. ನಿನ್ನ ಬಲ್ಲೆ ನಾ.) ತಂಗಡಗಿ ಹೊಳಿದಂಡಿಗೆ ಮುಂಜಾನಿ ಥಂಡಿ ಭಾಳ ಅಂತಾರ. ಕಂಬಳಿ ನೀ ಹೊಚ್ಕೊ, ಎಳಿ ಮರಿಗೆ ಹೊಚ್ಚಿ ನೀ ನಡಗಿಕೋತ ಕೂಡಬ್ಯಾಡ. ನಮ್ಮ ನಾಯಿ ಕರಿಯಾ ಹೆಂಗ ಐತಿ, ಅದರ ಕಿವಿ ಗಾಯ ಮಾಯ್ತೇನು? ಬಿಳಿಕಿವಿ ಮರಿ ಹಾಕಿತೇನು? ಚಂದ್ರಿ ಸುದ್ದಿ ಕೇಳಾಕ ಅಂಜಿಕಿ ಬರಾಕತ್ತೈತಿ, ಅದನ್ನ ಕೊನಿಗೆ ಕೇಳ್ತೇನಿ. ಕಾಗದ ಬರೆಯೋರು "ನಾನು ಇಲ್ಲಿ ಕ್ಷೇಮ" ಅಂತ ಬರೀಬೇಕಂತ, ನಾ ಬರೆಯಾಂಗಿಲ್ಲ. ಮೊದಲನೇ ಸೆಮಿಸ್ಟರ್ ರಿಜಲ್ಟ್ ಇನ್ನೂ ಬಂದಿಲ್ಲ, ನಿದ್ದಿ ಹತ್ತವಲ್ಲದು, ಮತ್ತ ಇರೂ ಒಬ್ಬ ಅಪ್ಪ ಶನಿವಾರದಿಂದ ಫೋನ್ ಸ್ವಿಚ್ ಆಫ್ ಮಾಡಿ ಕುಂತಾನ.

ಇದೇನು ಆಟ ಅಪ್ಪಾ? ಹದಿನಾಲ್ಕು ಸಲ ಮಾಡೇನಿ. ಆ ರೆಕಾರ್ಡಿಂಗ್ ಹೆಣ್ಮಗಳು ಮೂರು ಭಾಷಾದಾಗ ಇಲ್ಲ ಇಲ್ಲ ಅಂತಾಳ. ಅಕಿ ದನಿ ಈಗ ನನಗ ನಿನ್ನ ದನಿಕಿಂತ ರೂಢಿ ಆಗೇತಿ. ಸಿದ್ಧರಾಮ ಕಾಕಾನ ಕೇಳಿದ್ರ "ಅಣ್ಣನ ಚಾರ್ಜರ್ ಕೆಟ್ಟೈತವ್ವಾ" ಅಂತಾನ. ನಿನ್ನ ತಮ್ಮಗ ಸುಳ್ಳು ಹೇಳಾಕೂ ನೆಟ್ಟಗ ಬರಾಂಗಿಲ್ಲ. ಹೊಲದವರ ಫೋನ್ ಇಸ್ಕೊಂಡು ದಿನಾ ಅವ್ವಗ ಮಾತಾಡ್ತಿ, ಅದ ಫೋನಿನಿಂದ ನನಗ ಒಂದು ಸಲ ಮಾತಾಡಾಕ ಏನು ಬ್ಯಾನಿ? ಅದಕ್ಕ ಈ ಕಾಗದ. ನಾಳೆ ಮುಂಜಾನಿ ಕಾಕಾ ಲಚ್ಯಾಣದಿಂದ ನಿನಗ ಹಿಟ್ಟಿನ ಚೀಲ ತಗೊಂಡು ಬರ್ತಾನಲ್ಲ, ಸಿಂದಗಿ ಸ್ಟ್ಯಾಂಡಿನಾಗ ಬಸ್ ಬದಲಿ ಮಾಡೂ ಮುಂದ ಕೈಯಾಗ ಕೊಡ್ತೇನಿ. ಅಕ್ಷರ ದೊಡ್ಡು ಬರದೇನಿ, ನೀನಾ ಓದು. ನಾಕನೇ ಇಯತ್ತೆ ತನಕ ಓದೀದಿ, ಅಷ್ಟು ಸಾಕು. ಕಾಕಾನ ಕೈಲಿ ಓದಿಸಬ್ಯಾಡ, ಅಂವ ಆಚಿ ಹೊಲದವರಿಗೂ ಕೇಳೂಹಂಗ ಓದ್ತಾನ. (ಕಾಕಾ, ನೀನಾ ಓದಾಕತ್ತಿದ್ರ ಇಲ್ಲಿಗೇ ನಿಂದರ್ಸು.)

ಮೊದಲ ನನ್ನ ಕಡೆಯ ಮಾತು ಕೇಳು. ನಮ್ಮ ಎಡದಂಡೆ ರೇಡಿಯೊ ಅಂದ್ರ ನೀ ತಿಳಕೊಂಡಂಗ ದೊಡ್ಡ ಆಫೀಸಲ್ಲ. ಜುಲ್ಫಿಕರ ಅಣ್ಣನ ಮೊಬೈಲ್ ರಿಪೇರಿ ಅಂಗಡಿ ಮ್ಯಾಲಿನ ಖೋಲಿ. ಸಪ್ಪಳ ಹೊರಗ ಹೋಗಬಾರದಂತ ಗ್ವಾಡಿಗೆ ತತ್ತಿ ಇಡೂ ಟ್ರೇ ಬಡದು, ಎರಡು ಮೈಕ್ ಇಟ್ಟು, ಇಂಟರ್ನೆಟ್‌ದಾಗ ಬಿಡ್ತೇವಿ. ಹೆಸರು ಕೇಳಿದ ಮಂದಿ ಕಾಲುವಿ ಆಫೀಸಂತ ತಿಳದು "ನೀರು ಯಾವಾಗ ಬಿಡ್ತೀರಿ" ಅಂತ ಫೋನ್ ಮಾಡಿ ಬೈತಾರ. ಶನಿವಾರ ನಾಕರಿಂದ ಐದು ನಮ್ಮ ಚರ್ಚಾ: ರಾಜಕಾರಣ, ಹಣಕಾಸು, ಪರದೇಶದ ವಿಚಾರ. ನಡೆಸೋರು ನಮ್ಮ ಅರ್ಥಶಾಸ್ತ್ರದ ಸುಧೀರ ಸರ್. ಮನ್ಯಾಗ ಮರಾಠಿ, ಕ್ಲಾಸಿನಾಗ ಕನ್ನಡ, ಸಿಟ್ಟಿಗೆದ್ದಾಗ ಇಂಗ್ಲಿಷ್. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಾಗೇವಾಡಿ, ಈ ನಾಕು ತಾಲ್ಲೂಕಿನಾಗ ದುಡಿಯೋರ ಪರವಾಗಿ ಮಾತಾಡೂ ರೇಡಿಯೊ ಇದೊಂದೇ ಅಂತ ಅವರ ಹೆಮ್ಮಿ. ನನ್ನ ಯಾಕ ಕೂಡಿಸ್ಯಾರ ಅಂದ್ರ, ಬಾಗೇವಾಡಿ ವಸತಿ ಸಾಲ್ಯಾಗ ಏಳು ವರ್ಷ ಇದ್ದು ಇಂಗ್ಲಿಷ್ ಕಲತೇನಿ, ಪರದೇಶದ ಪೇಪರ್ ಓದಿ ಕನ್ನಡ ಮಾಡ್ತೇನಿ. ಮಾಡ್ತೇನಿ ಅನ್ನೂದೇನು, ಒದ್ದಾಡ್ತೇನಿ. ಫಿಸ್ಕಲ್ ಡೆಫಿಸಿಟ್ ಅಂದ್ರ ನನಗ ತಿಳೀತೈತಿ, ಸರ್ "ವಿತ್ತೀಯ ಕೊರತೆ ಅನ್ನು" ಅಂತಾರ, ಅವ್ವ "ಎರಡೂ ತಿಳೀಲಿಲ್ಲ ಯವ್ವಾ, ಖರೆ ಛಂದ ಅಂದಿ" ಅಂತಾಳ.

ನಿನಗ ಆ ಲಿಂಕ್ ಕಳಿಸಿದ್ದು ನನ್ನ ಮೊದಲನೇ ತಪ್ಪು. ದಿನಾಪೂರ್ತಿ ಕುರಿ ಬೆನ್ನ ಹಿಂದ ಒಬ್ಬನಾ ತಿರಗ್ತಿ, ಮಗಳ ದನಿ ಕೇಳ್ಲಿ ಅಂತ ಕಳಿಸಿದ್ನಿ. ಕೇಳು ಅಂದ್ರ ಕೇಳಬೇಕು. ನೀ ಫೋನ್ ಹಚ್ಚಿದಿ! ಅವತ್ತು ತೊಗರಿ ಆಮದಿನ ಚರ್ಚಾ ನಡದಿತ್ತು, ಆಫ್ರಿಕಾದಿಂದ, ಬರ್ಮಾದಿಂದ ತರಿಸೂದು ಸರಿಯೋ ತಪ್ಪೋ ಅಂತ. ಸರ್ ಹಾಳಿ ನೋಡಿ ಅಂಕಿ ಹೇಳಾಕತ್ತಿದ್ರು. ನಡುವ ಬ್ಯಾ ಬ್ಯಾ ಅನ್ನೂ ಸಪ್ಪಳ, ಅದರ ಮ್ಯಾಲ ನಿನ್ನ ದನಿ: "ಹೊರಗಿನ ತೊಗರಿ ಬಂತಂದ್ರ ಇಲ್ಲಿ ರೈತ ಬಿತ್ತಾಂಗಿಲ್ರಿ ಸಾಹೇಬ್ರ. ಬಿತ್ತಲಿಲ್ಲಂದ್ರ ಕುರಿಗೆ ಹೊಟ್ಟಿಲ್ರಿ. ನಿಮ್ಮ ಹಡಗಿನಾಗ ಬ್ಯಾಳಿ ಬರ್ತೈತಿ, ಹೊಟ್ಟು ಬರ್ತೈತೇನ್ರಿ?" ಸರ್ ಕುರ್ಚಿ ಬಿಟ್ಟು ಎದ್ದ ನಿಂತ್ರು. "ಇದ ನೋಡ್ರಿ ಖರೆ ಪೊಲಿಟಿಕಲ್ ಎಕಾನಮಿ" ಅಂತ ಮೈಕಿನಾಗ ಕೂಗಿದ್ರು. ನನಗ ಒಳಗ ಖುಷಿ. ಅಷ್ಟಕ್ಕ ಬಿಟ್ಟಿದ್ರ ಏನಾಗ್ತಿತ್ತು ನಿನಗ? "ಯವ್ವಾ, ದನಿ ಯಾಕ ಇಳದೈತಿ? ಉಂಡೀ ಇಲ್ಲ?" ಅಂದಿ. ಲೈವ್‌ದಾಗ! ಬರ್ಮಾ ದೇಶದ ತೊಗರಿ ಮತ್ತ ಭಾರತ ಸರ್ಕಾರದ ಧೋರಣೆ ನಡುವ ನಾ ಉಂಡೇನೋ ಇಲ್ಲೋ!

ಆಗ ನಾ ಏನಂದ್ನಿ, ನಿನಗ ನೆನಪೈತೇನು? ನನಗ ಐತಿ. "ಕರೆ ಮಾಡಿದವರೇ, ದಯವಿಟ್ಟು ವಿಷಯಕ್ಕೆ ಬನ್ನಿ" ಅಂದ್ನಿ, ಬೆಂಗಳೂರು ಟಿವಿಯವರ ಗತೆ. ನೀ "ಹೌದ್ರಿ ಮೇಡಂ" ಅಂದಿ. ಅವತ್ತಿನಿಂದ ಒಂದು ಶನಿವಾರ ತಪ್ಪಿಸಲಿಲ್ಲ, ಒಂದು ಸಲಾನೂ ಉಂಡೀ ಅಂತ ಕೇಳಲಿಲ್ಲ. ಕೊಲ್ಲಿ ದೇಶದ ಜಗಳದ ಚರ್ಚಾದಾಗ "ಅಲ್ಲಿ ಗುಂಡು ಹಾರಿದ್ರ ಇಲ್ಲಿ ಟಗರಿನ ವ್ಯಾಪಾರಿ ಗಾಡಿ ತಿರಗಿಸ್ಕೊಂಡು ಹೋಗ್ತಾನ್ರಿ ಮೇಡಂ." ಆಸ್ಟ್ರೇಲಿಯಾದ ಉಣ್ಣಿ ಸುದ್ದಿ ಬಂದಾಗ "ನಮ್ಮ ಉಣ್ಣಿ ಕೇಳೋರಿಲ್ರಿ ಮೇಡಂ, ಕುರಿ ಕೂದಲಾ ಕತ್ತರಿಸಿದ ಕೂಲಿ ಕೈಯಿಂದ ಕೊಟ್ಟು ಉಣ್ಣಿ ಬದುವಿಗೆ ಚೆಲ್ಲಿ ಬರ್ತೇವ್ರಿ." ಎಲ್ಲಾ ಖರೇ ಮಾತು. ಎಲ್ಲಾದರ ಬಾಲಕ್ಕ ಒಂದು ಮೇಡಂ. ಮಂದಿ ಫೋನ್ ಮಾಡಿ "ಆ ಕುರಿಯವರು ಇವತ್ತ ಬಂದಿಲ್ಲೇನ್ರಿ" ಅಂತ ಕೇಳಾಕ ಸುರು ಮಾಡಿದ್ರು. ನನ್ನ ಖೋಲಿಯ ನಾಜಿಮಾ ದಿನಾ ರಾತ್ರಿ ನಿನ್ನಂಗ ಮಾಡಿ ತೋರಸ್ತಿದ್ಲು, ಟವೆಲ್ ತಲಿಗೆ ಸುತ್ಕೊಂಡು "ಹೌದ್ರಿ ಮೇಡಂ" ಅಂತ. ನೀ ನಮ್ಮಪ್ಪ ಅಂತ ಅಕಿಗೆ ಗೊತ್ತಿರಲಿಲ್ಲ ಪಾಪ. ಹುಡುಗ್ಯಾರೆಲ್ಲಾ ನಕ್ರು. ನಾನೂ ನಕ್ನಿ ಅಪ್ಪಾ.

ಈಗ ಶನಿವಾರಕ್ಕ ಬರ್ತೇನಿ. ಬಜೆಟ್ ಸ್ಪೆಷಲ್. ಇಂಡಿಯಿಂದ ಜಯತೀರ್ಥ ಅಂತ, ಬ್ಯಾಂಕ್ ಮ್ಯಾನೇಜರ್ ಆಗಿ ರಿಟೈರ್ ಆದವರು, ಅವರನ್ನ ಕರೆಸಿದ್ವಿ. ನೀ ಕೇಳಿದ್ದು ನೆಟ್ಟನ ಪ್ರಶ್ನಿ: "ಇದರಾಗ ತಿರಗೂ ಕುರಿಯವರಿಗೆ ಏನೈತ್ರಿ?" ಅವರು "ಮೊದಲ ನಿಮ್ಮ ಕುರಿ ಎಷ್ಟವ ಹೇಳ್ರಿ, ಲೆಕ್ಕಾ ಹಾಕೋಣು" ಅಂದ್ರು. "ಅದಾವ್ರಿ, ದೇವರು ಕೊಟ್ಟಷ್ಟು" ಅಂದಿ. "ಅಂದಾಜು ಹೇಳ್ರಿ" ಅಂದ್ರು. "ಹಟ್ಟಿ ತುಂಬ ಅದಾವ್ರಿ" ಅಂದಿ. "ನೂರೋ, ಐನೂರೋ?" "ನಿಮ್ಮ ಆಶೀರ್ವಾದ್ರಿ." ಅವರು ಮೈಕಿನಾಗನ ನಕ್ಕು "ಇದೇನ್ರಿ, ಸ್ವಿಸ್ ಬ್ಯಾಂಕಿನಾಗ ರೊಕ್ಕಾ ಇಟ್ಟವರ ಉತ್ತರ ಆತಲ್ಲ" ಅಂದ್ರು. ಅದನ್ನೂ ತಡಕೋತಿದ್ನಿ. ನಮ್ಮ ಸುಧೀರ ಸರ್, ದುಡಿಯೋರ ಪರ ಇರೋ ಸರ್, ಅವರೂ "ಅಂಕಿ ಕೊಡದಿದ್ರ ನಿಮ್ಮ ಪರವಾಗಿ ನಾವು ವಾದಾ ಹೆಂಗ ಮಾಡೋದು? ಮುಚ್ಚಿಡಬ್ಯಾಡ್ರಿ" ಅಂದ್ರು.

ಕುರಿ ಎಷ್ಟು ಅಂತ ನಮ್ಮ ಮಂದಿ ಬಾಯಿಬಿಟ್ಟು ಹೇಳಾಂಗಿಲ್ಲ, ಹೇಳಿದ್ರ ಹಟ್ಟಿಗೆ ದೃಷ್ಟಿ ಆಗ್ತೈತಿ, ಇದು ಆ ಖೋಲ್ಯಾಗ ಗೊತ್ತಿದ್ದದ್ದು ನನಗೊಬ್ಬಾಕಿಗೆ. "ಸರ್, ಅದು ಅವರ ಪದ್ಧತಿ" ಅಂದಿದ್ರ ಮುಗೀತಿತ್ತು. ಅನಲಿಲ್ಲ. ಅಂದ್ರ "ನಿನಗ ಹೆಂಗ ಗೊತ್ತು" ಅಂತ ಕೇಳ್ತಿದ್ರು. ಆ ಸಣ್ಣ ಮಾತು ನುಂಗಿದಾಕಿ, ಮರುಗಳಿಗ್ಯಾಗ ಅದರ ಹತ್ತು ಪಟ್ಟಿಂದು ಉಗುಳಿದ್ನಿ. ದೀಪಾವಳಿ ಸೂಟ್ಯಾಗ ದನದ ಡಾಕ್ಟರು ಲಸಿಕಿ ಹಾಕಾಕ ಬಂದಾಗ ಕಾರ್ಡಿನಾಗ ಲೆಕ್ಕಾ ಬರದಾಕಿ ನಾನಾ ಅಲ್ಲೇನು? ಅವತ್ತ ನೀ ಅಂದಿದ್ದಿ, "ಕಾಗದದಾಗ ಬರಿ ಯವ್ವಾ, ಬಾಯಾಗ ಬ್ಯಾಡ." ಶನಿವಾರ ನಾ ಬಾಯಾಗ ಹೇಳಿದ್ನಿ. ಇಷ್ಟು ಅದಾವ, ನಾನಾ ಬರದೇನಿ, ನಮ್ಮಪ್ಪ ಏನೂ ಮುಚ್ಚಿಡಾಂಗಿಲ್ಲ ಅಂತ, ನಾಕು ತಾಲ್ಲೂಕಿಗೆ ಕೇಳೂಹಂಗ. (ಆ ಅಂಕಿ ಇಲ್ಲಿ ಬರೀತಿದ್ನಿ, ಕಾಗದಕ್ಕ ನಡೀತೈತಿ ಅಂತ ನೀನಾ ಅಂದಿ. ಆದ್ರ ಕಾಕಾ ಜೋರಾಗಿ ಓದಿಬಿಟ್ರ?) ಲೈನಿನಾಗ ಬರೇ ಕುರಿ ಗಂಟಿ. ಆಮ್ಯಾಲ "ಮಾಲವ್ವಾ" ಅಂದಿ, ಕಟ್ ಮಾಡಿದಿ. ಮೇಡಂ ಅನಲಿಲ್ಲ. ಜುಲ್ಫಿಕರ ಅಣ್ಣ ಗಡಬಡಿಸಿ ಯಾವುದೋ ಹಾಡು ಹಚ್ಚಿದ. ಸರ್ ನನ್ನ ಮಾರಿ ನೋಡಿ "ನಿಮ್ಮಪ್ಪನಾ?" ಅಂದ್ರು. ಅಷ್ಟಾ.

ಎಲ್ಲಾರ ಮ್ಯಾಲೂ ಸಿಟ್ಟು ಬಂದೈತಿ ನನಗ, ಕೇಳು. ಜನರ ದನಿ ಕೇಳ್ತೇವಿ ಅಂತ ಬೋರ್ಡು ಬರೆಸಿದವರು ಇವರು, ಜನ ಬಾಯಿ ತಗದ ಕೂಡ್ಲೆ ಪುರಾವೆ ಕೇಳಿದ್ರು. ನಾಜಿಮಾ ಎರಡು ದಿನ ಮಾತು ಬಿಟ್ಟು, ನಿನ್ನಿ ತಾನಾ ಅತ್ಲು, "ಮೊದಲಾ ಹೇಳಾಕ ಏನಾಗಿತ್ತ ನಿನಗ, ನನ್ನ ಕೈಲೆ ಅಪ್ಪಾಜಿದು ಅಣಕ ಮಾಡಿಸಿದಿ" ಅಂತ. ಈಗ ಅಕಿಗೆ ಸಮಾಧಾನ ಮಾಡೂ ಕೆಲಸಾನೂ ನಂದಾ. ಜಯತೀರ್ಥ ಅವರು ಐತವಾರ ಫೋನ್ ಮಾಡಿ, "ನಮ್ಮ ತಾಯಿ ರುಕ್ಮಿಣೀಬಾಯಿ ಊಟಕ್ಕ ಕೂತವರ ಚಪಾತಿ ಎಣಿಸಿದ್ರ ಲಟ್ಟಣಿಗಿ ತಗೊಂಡು ಬರ್ತಿದ್ರವಾ. ಅದು ನನಗ ಅವತ್ತ ನೆನಪಾಗಬೇಕಿತ್ತು. ನಿಮ್ಮ ತಂದೆಯವರಿಗೆ ತಪ್ಪಾತು ಅಂತ ಹೇಳು" ಅಂದ್ರು. ಹೆಂಗ ಹೇಳಲಿ? ತಂದೆಯವರ ಫೋನು ಸ್ವಿಚ್ ಆಫ್!

ಮತ್ತ ಸೋಮವಾರ ಅವ್ವ ಫೋನ್ ಮಾಡಿದ್ಲು. "ಕುರಿ ಹ್ವಾದ್ವವ್ವಾ" ಅಂದ್ಲು. "ಎಷ್ಟು ಹ್ವಾದ್ವು?" ಅಂದ್ನಿ. "ಮತ್ತ ಎಷ್ಟು ಅಂತೀಯಲ್ಲಾ ಹುಚ್ಚಿ! ಒಂದು ಸಲ ಎಷ್ಟು ಅಂದಿದ್ದು ಸಾಲಲಿಲ್ಲೇನು?" ಅಂತ ಬೈದು ಇಟ್ಟುಬಿಟ್ಲು. ನಿನ್ನ ಹೇಂತಿ ಶೇವಂತೆವ್ವ ಒಮ್ಮೆ ಇಟ್ರ ಇಟ್ಲು, ಗೊತ್ತಲ್ಲ. ನಾ ದನದ ಡಾಕ್ಟರಿಗೆ ಫೋನ್ ಮಾಡಿದ್ನಿ. ಜ್ವಾಳ ಕೊಯ್ದ ಹೊಲದಾಗ ಕೂಳಿ ಚಿಗುರು ಬಂದಿರ್ತೈತಿ, ಹಸಿದ ಕುರಿ ಅದನ್ನ ತಿಂದ್ರ ವಿಷ ಏರ್ತೈತಿ, ಈ ತಿಂಗಳು ಎಲ್ಲಾ ಕಡೆ ಇದಾ ಗೋಳು ಅಂದ್ರು. ಗೂಗಲ್‌ನಾಗೂ ನೋಡೇನಿ, ಸೈನೈಡ್ ಅಂತ ಐತಿ. ಹಂಗಾದ್ರ ನನ್ನ ಬಾಯಿಗೂ ಕುರಿಗೂ ಏನು ಸಂಬಂಧ? ಏನೂ ಇಲ್ಲ. ಇದನ್ನ ನಾ ಪೂರ್ತಿ ನಂಬೇನಿ ಅಪ್ಪಾ. ನಂಬಿದ ಮ್ಯಾಲೂ ಮೂರು ದಿನದಿಂದ ನನ್ನ ಪಾಲಿನ ರೊಟ್ಟಿ ಹಂಗಾ ಉಳಿಯಾಕತ್ತಾವ. ಒಂದ ತಿಳೀವಲ್ಲದು. ಮೂವತ್ತು ವರ್ಷ ಕುರಿ ಕಾದಾಂವ ನೀ, ಕೂಳಿ ಹೊಲ ಕಂಡ್ರ ನಾಕು ಹರದಾರಿ ಸುತ್ತಿ ಹೋಗಾಂವ. ನಿನ್ನ ಕುರಿ ಅದರಾಗ ಹೆಂಗ ಹೊಕ್ಕವು?

ಎಷ್ಟು ಅಂತ ಇನ್ನ ಕೇಳಾಂಗಿಲ್ಲ. ಯಾವುವು, ಅಷ್ಟು ಹೇಳು. ನೀ ಎಣಿಸಾಂವಲ್ಲ, ಸಂಜಿಮುಂದ ಹಟ್ಟಿ ಬಾಗಲಾಗ ನಿಂತು ಒಂದೊಂದರ ಮಾರಿ ನೋಡಿ ಒಳಗ ಬಿಡಾಂವ. ನಾನೂ ಹಾಸಿಗ್ಯಾಗ ಬಿದ್ದು ಒಂದೊಂದಾ ನೆನಸ್ತೇನಿ: ಮುರುಕೋಡಿನ ಟಗರು, ಜೋಡಿ ಮರಿದು, ಬಿಳಿಕಿವಿ, ಸದಾ ಸೀನೂ ಮುದುಕಿ. ಚಂದ್ರಿ ಹಂತೇಲಿ ಬಂದು ನಿಲ್ತೇನಿ. ಆರನೇ ಇಯತ್ತೆಗೆ ನನ್ನ ವಸತಿ ಸಾಲಿಗೆ ಬಿಡೂ ದಿನ "ಇದು ಇನ್ನ ನಿಂದು, ಇದರ ಮರಿ ಮಾರಿ ನಿನಗ ಪುಸ್ತಕ" ಅಂದಿದ್ದಿ. ನನ್ನ ಫಿಸ್ಕಲ್ ಡೆಫಿಸಿಟ್ ಎಲ್ಲಾ ಆ ಚಂದ್ರಿ ಹೊಟ್ಟೀಲೆ ಬಂದದ್ದು. ಚಂದ್ರಿ ಐತೇನು ಅಪ್ಪಾ?

ಈ ಶನಿವಾರ ಸರ್ ಯಾರನ್ನೂ ಕರಸಿಲ್ಲ. ಉಣ್ಣಿ, ಟಗರು, ಪರದೇಶದ ವ್ಯಾಪಾರ, ಪೂರಾ ಒಂದು ತಾಸು. ಫೋನ್ ಮಾಡೋರ ಮಾಹಿತಿ ಅಂತ ಒಂದು ಫಾರ್ಮ್ ಮಾಡಿದ್ರು, ಅದರಾಗ ಜಾನುವಾರು ಸಂಖ್ಯೆ ಅಂತ ಒಂದು ಕಲಂ ಇತ್ತು. ನಾ ಪೆನ್ನು ಮುಂದ ಹಿಡದು ನಿಂತ್ನಿ. "ಡೇಟಾ ಬೇಕಲ್ಲವಾ" ಅಂತ ಗೊಣಗಿಕೋತ ತಾವಾ ಹೊಡದು ಹಾಕಿದ್ರು. ನೀ ಮಾತಾಡದಿದ್ರ ಆ ತಾಸು ನಾವಿಬ್ಬರೂ ಮಾರಿ ಮಾರಿ ನೋಡ್ಕೋತ ಕೂಡಬೇಕು, ಕಾಲುವಿ ನೀರು ಕೇಳೋರಿಗೆ ಉತ್ತರಾ ಕೊಟ್ಕೋತ.

ಅವ್ವ ಹಿಟ್ಟಿನ ಜೋಡಿ ದೇವರ ಭಂಡಾರ ಕಟ್ಟ್ಯಾಳಂತ. ಸೈನೈಡಿಗೆ ಅರಿಷಿಣ ಪುಡಿ ಕೆಲಸ ಮಾಡಾಂಗಿಲ್ಲ. ಆದ್ರೂ ಹಚ್ಚು, ಎಲ್ಲಾ ಕುರಿಗೂ ಹಚ್ಚು, ಒಂದನ್ನೂ ಬಿಡಬ್ಯಾಡ. ಕರಿಯಾನ ತಲಿ ಸವರು. ಹೊಲದ ಯಜಮಾನ್ರಿಗೆ ನನ್ನ ಶರಣು ಹೇಳು, ಫೋನ್ ಕೊಡ್ತಾರಲ್ಲ ಪಾಪ. ನಿನ್ನ ಪಾದಕ್ಕ ಇಲ್ಲಿಂದನ ಹಣಿ ಹಚ್ಚೇನಿ.

ನಿನ್ನ ಮಗಳು,
ಮಾಲಾ
(ಮೇಡಂ ಅಲ್ಲ)

ತಾ.ಕ.: ಗುರುವಾರ, ಬಸ್‌ಸ್ಟ್ಯಾಂಡು. ಕಾಕಾ ಚಹಾ ಕುಡಿಯಾಕತ್ತಾನ, ತಾಳಿಕೋಟಿ ಗಾಡಿ ಹೊಂಟು ನಿಂತೈತಿ, ತೊಡಿ ಮ್ಯಾಲ ಇಟ್ಟು ಬರ್ಯಾಕತ್ತೇನಿ. ಕಾಕಾ ಎಲ್ಲಾ ಹೇಳಿದ. ಚಂದ್ರಿನ್ನ ಬೆಲ್ಲದ ನೀರು ಕುಡಿಸಿ ಉಳಿಸಿದಿ ಅಂತ. ಬಿಳಿಕಿವಿ ಹ್ವಾತಂತ, ಹೊಟ್ಟ್ಯಾಗಿನ ಮರಿ ಸೈತ. ಶನಿವಾರ ಸಂಜಿಮುಂದನ ಹೊಕ್ಕವಂತ ಕೂಳಿ ಹೊಲಕ್ಕ, ನಾ ಲೆಕ್ಕಾ ಹೇಳೂಕಿಂತ ಮೊದಲಾ. ಆ ಬದುವಿನ ಮ್ಯಾಲಷ್ಟಾ ಸಿಗ್ನಲ್ ಸಿಗ್ತೈತಂತ, ನೀ ಅಲ್ಲಿ ಕಿವಿಗೆ ಫೋನ್ ಹಿಡದು ಅರ್ಧಾ ತಾಸು ನಿಂತಿದ್ದಿ ಅಂತ. ಅಪ್ಪಾ, ಅವತ್ತ ಎಲ್ಲಾರಕಿಂತ ಮೊದಲ ಬಂದ ಫೋನ್ ನಿಂದಾ. ಬಂದ ಫೋನ್ ಒಂದರ ಹಿಂದ ಒಂದು ಲೈನಿಗೆ ಬಿಡಾಕಿ ನಾನಾ. ನಿನ್ನ ನಂಬರ್ ನೋಡಿ, ಗೆಸ್ಟ್ ಮುಂದ ಮತ್ತೇನು ಕೇಳ್ತಿಯೋ ಅಂತ ಅಂಜಿ, ಬೇಕಂತನ ಕೊನಿಗೆ ಇಟ್ನಿ. ಇದು ಸರ್‌ಗೂ ಗೊತ್ತಿಲ್ಲ, ಜುಲ್ಫಿಕರ ಅಣ್ಣಗೂ ಗೊತ್ತಿಲ್ಲ. ಕುರಿ ಹ್ವಾದದ್ದು ನಾ ಹೇಳಿದ್ದಕ್ಕಲ್ಲ, ನಿನ್ನ ಕಾಯಿಸಿದ್ದಕ್ಕ. ಬೈಯಬೇಕನಿಸಿದ್ರ ಫೋನ್ ಮಾಡಿ ಬೈ, ಸುಮ್ಮನ ಕೂಡಬ್ಯಾಡ. ಶನಿವಾರ ಮೊದಲ ಕುರಿ ಹಟ್ಟ್ಯಾಗ ಕೂಡು, ಆಮ್ಯಾಲ ಹಚ್ಚು. ಒಂದು ರಿಂಗಿಗೇ ಎತ್ತೇನಿ. ಲೈನಿನಾಗ ಇರೋರು ನಮ್ಮಪ್ಪ ಅಮೋಘಸಿದ್ಧ ಅಂತ ನಾನಾ ಮೊದಲ ಹೇಳ್ತೇನಿ. ಉಂಡೀ ಏನು ಅಂತ ಕೇಳು. ಉಂಡಿಲ್ಲ ಅಂತ ಹೇಳ್ತೇನಿ.